ಹೆಸರು ತಮ್ಮದು, ಸೂರು ಪರರದು

ಮದರಾಸಿನ ಆಚಾರಪ್ಪನ್ ಬೀದಿಯ ಪುಟ್ಟ ಹೋಟೆಲೊಂದು 1920ರ ದಶಕದಲ್ಲಿ ಕೈಬದಲಾದಾಗ ಅದರ ಬೆಲೆ 700 ರೂಪಾಯಿ. ಕೊಂಡವರು ಮೂಡಬಿದಿರೆ ಕಡೆಯ ಕಡಂದಲೆಯಿಂದ ಹೋಗಿ ಅದೇ ಧಣಿಯ ಕೈಕೆಳಗೆ ದುಡಿಯುತ್ತಿದ್ದ ಕೆ. ಕೃಷ್ಣರಾವ್. ಕೈಯಲ್ಲಿ ಇಡುಗಂಟಿರಲಿಲ್ಲ. ತಿಂಗಳಿಗೆ 50 ರೂಪಾಯಿಯಂತೆ ತೀರಿಸು ಎಂದು ಧಣಿಯೇ ಕಂತು ಗೊತ್ತುಮಾಡಿದರು. ಹದಿನಾಲ್ಕು ಕಂತು. ಬಾಡಿಗೆ, ದಿನಸಿ, ಕೂಲಿ ಕಳೆದು ತಿಂಗಳಿಗೆ ಐವತ್ತು ಉಳಿಯಬೇಕು. ಯೋಜನೆ ಅಂದರೆ ಅಷ್ಟೇ. ಬರೆದಿಡಲು ಕಾಗದವೂ ಬೇಕಿರಲಿಲ್ಲ.

ನಾಶಿಕದ ಗಂಗಾಪುರ ರಸ್ತೆಯಲ್ಲಿ ಕೂತು ಹೋಟೆಲು, ಕೆಫೆಗಳಿಗೆ ಬ್ಯಾಂಕ್ ಸಾಲದ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವುದು ನನ್ನ ಕಸುಬು. ಹಾಗಾಗಿ ಕರಾವಳಿಯಿಂದ ಹೋದ ನಮ್ಮವರ ಹೋಟೆಲುಗಳ ಚರಿತ್ರೆ ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ಕರಾರುಪತ್ರದ ಕಡೆಗೆ. ಊರು ಬಿಟ್ಟು ಬಂದವರಿಗೆ ಸ್ವಂತ ಜಾಗ ಎಲ್ಲಿಂದ ಬರಬೇಕು? ಪರರ ಸೂರಿನಡಿ ತಮ್ಮ ಹೆಸರು ಬೆಳೆಸಿದ ಕಥೆಯೇ ನಮ್ಮ ಹೋಟೆಲು ಉದ್ಯಮದ ಕಥೆ.

ಕೃಷ್ಣರಾಯರನ್ನೇ ನೋಡಿ. 1938ರಲ್ಲಿ ಅವರು ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆಯನ್ನು ಗುತ್ತಿಗೆಗೆ ಪಡೆದು ವುಡ್‌ಲ್ಯಾಂಡ್ಸ್ ತೆರೆದರು. ಹೋಟೆಲು ಹೆಸರು ಮಾಡಿತು. ಆದರೆ ಬಂಗಲೆ ರಾಜರದೇ ಆಗಿತ್ತು. ಅದನ್ನು ಬಿಡಬೇಕಾಗಿ ಬಂದಾಗ ರಾಯರು ಬೇರೆ ಜಾಗ ಕೊಂಡು, 1952ರಲ್ಲಿ ಈಗಿನ ರಾಧಾಕೃಷ್ಣನ್ ರಸ್ತೆಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಕಟ್ಟಿಸಿದರು. ಹಳೆಯ ಗೋಡೆಗಳು ಅಲ್ಲೇ ಉಳಿದವು, ಹೆಸರು ಜೊತೆಗೆ ಬಂತು. ಅದೇ ಮನೆತನದ ಡ್ರೈವ್-ಇನ್ 1962ರಲ್ಲಿ ಕೆಥೀಡ್ರಲ್ ರಸ್ತೆಯ ತೋಟದ ಜಮೀನಿನಲ್ಲಿ ಶುರುವಾಯಿತು. ಅದೂ ಗುತ್ತಿಗೆಯ ನೆಲ. ಕಾರಿನಲ್ಲಿ ಕೂತೇ ದೋಸೆ ತಿಂದ ತಲೆಮಾರುಗಳ ಪ್ರೀತಿ ಅದನ್ನು ಉಳಿಸಲಿಲ್ಲ. 2008ರಲ್ಲಿ ಬಾಗಿಲು ಹಾಕಿತು, 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸರಕಾರಿ ಉದ್ಯಾನ ತೆರೆಯಿತು. ನಲವತ್ತಾರು ವರ್ಷ ನಡೆದ ವ್ಯಾಪಾರಕ್ಕೂ ನೆಲದ ಮೇಲೆ ಹಕ್ಕು ಹುಟ್ಟಲಿಲ್ಲ.

ಮುಂಬಯಿಯ ದಾರಿ ಬೇರೆ. ಮಾಟುಂಗಾದಲ್ಲಿ ಗೋಪಾಲ ಕಾಮತರ ಕೆಫೆ ಮದ್ರಾಸ್ 1940ರಲ್ಲಿ ಶುರುವಾಯಿತು. ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದು. ಅದು ಇರುವುದು ಮಾಟುಂಗಾ ರೈಲು ನಿಲ್ದಾಣದ ಹತ್ತಿರ, ಪಾಲಿಕೆಯ ಮಾರುಕಟ್ಟೆ ಕಟ್ಟಡದ ಮೊದಲ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಊಟಕ್ಕೆ ಹೋಗುವ ಜನ ಇಂದಿಗೂ ಇದ್ದಾರೆ. ರಸ್ತೆ ಮಟ್ಟದ ಅಂಗಡಿಗಿಂತ ಮಹಡಿಯ ಬಾಡಿಗೆ ಕಡಿಮೆ. ಬಾಳೆಲೆಯ ಊಟಕ್ಕೆಂದೇ ಬರುವ ಗಿರಾಕಿಗೆ ರಸ್ತೆಯ ಮುಖ ಬೇಕಾಗಿಲ್ಲ. ನಿಂತು ಕಾಫಿ ಕುಡಿದು ಓಡುವವನಿಗೆ ಮಾತ್ರ ಬೇಕು. ಯಾವ ತಿಂಡಿಗೆ ಯಾವ ಜಾಗ ಎಂಬ ಈ ವಿವೇಕವನ್ನು ಇಂದಿನ ರಿಪೋರ್ಟುಗಳಲ್ಲಿ ನಾನು ಹುಡುಕುತ್ತೇನೆ.

ಖಾಸಗಿ ಕಟ್ಟಡಗಳ ಹೋಟೆಲುಗಳಿಗೆ 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆ ದೊಡ್ಡ ಆಸರೆಯಾಯಿತು. 1940ರ ಸೆಪ್ಟೆಂಬರ್ 1ರ ಬಾಡಿಗೆಯನ್ನು ಅದು ಪ್ರಮಾಣವಾಗಿ ಹಿಡಿಯಿತು. ಮಾಲೀಕ ಮನಸ್ಸಿಗೆ ಬಂದಂತೆ ಬಾಡಿಗೆ ಏರಿಸುವಂತಿಲ್ಲ, ಬಿಡಿಸುವಂತಿಲ್ಲ. ಜಾಗ ಕೈಬದಲಾಗುವಾಗ ಮಾತ್ರ ಪಗಡಿಯೆಂಬ ದೊಡ್ಡ ಮೊತ್ತ ಕೊಡಬೇಕಿತ್ತು. ಇಡ್ಲಿ ಅಗ್ಗವಾಗಿ ಸಿಗುತ್ತಿದ್ದುದಕ್ಕೆ ಮಾಣಿಗಳ ಬೆವರು ಎಷ್ಟು ಕಾರಣವೋ ಈ ಹಳೆಯ ಬಾಡಿಗೆಯೂ ಅಷ್ಟೇ ಕಾರಣ. ಒಳಬಾಡಿಗೆಗೆ ನಿಷೇಧವಿದ್ದುದರಿಂದ ‘ಕಂಡಕ್ಟಿಂಗ್’ ಪದ್ಧತಿಯೂ ಬೆಳೆಯಿತು. ಲೈಸೆನ್ಸು, ಜಾಗ ಒಬ್ಬರ ಹೆಸರಲ್ಲಿ. ಗಲ್ಲಾದಲ್ಲಿ ಕೂತು ಹೋಟೆಲು ನಡೆಸಿ ತಿಂಗಳಿಗಿಷ್ಟು ಒಪ್ಪಿಸುವವರು ಇನ್ನೊಬ್ಬರು. ಕಪ್ ಬಶಿ ತೊಳೆದು ಮೇಲೆ ಬಂದ ಎಷ್ಟೋ ಹುಡುಗರಿಗೆ ಧಣಿಯಾಗುವ ಮೊದಲ ಮೆಟ್ಟಿಲು ಅದೇ.

ಹೊಸದಾಗಿ ಜಾಗ ಹಿಡಿಯುವವರಿಗೆ ಆ ಆಸರೆ ಈಗಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 2000ದ ಮಾರ್ಚ್ 31ರಿಂದ ಜಾರಿಗೆ ಬಂತು. ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ಇಂದು ಕೆಫೆಗೆ ಸಿಗುವುದು ಹೆಚ್ಚಾಗಿ ಲೀವ್ ಅಂಡ್ ಲೈಸೆನ್ಸ್, ಅಂದರೆ ಗೊತ್ತಾದ ಅವಧಿಗೆ ಜಾಗ ಬಳಸುವ ಅನುಮತಿ ಮಾತ್ರ. ಅವಧಿ ಮುಗಿದರೆ ಜಾಗ ಬಿಡಬೇಕು.

ಮೊನ್ನೆ ಕುಂದಾಪುರ ಮೂಲದ ಹುಡುಗಿಯೊಬ್ಬಳು ಕೆಫೆಯ ಯೋಜನೆ ಹಿಡಿದು ಬಂದಳು. ಎಸ್ಪ್ರೆಸೊ ಯಂತ್ರ, ಕುರ್ಚಿ, ದೀಪ, ಎಲ್ಲಕ್ಕೂ ಕೊಟೇಶನ್ ಇತ್ತು. ಜಾಗದ ಬಗ್ಗೆ ಇದ್ದದ್ದು ಒಂದೇ ಸಾಲು.

“ಕರಾರು ಎಷ್ಟು ವರ್ಷದ್ದಮ್ಮ?”

“ಮೂರು ವರ್ಷ ಸರ್. ಆಮೇಲೆ ರಿನ್ಯೂ ಮಾಡಿಕೊಡ್ತಾರಂತೆ.”

“ಸಾಲ?”

“ಐದು ವರ್ಷದ್ದು.”

ಅವಳೆದುರೇ ಲೆಕ್ಕ ಹಾಕಿದೆ. ಬಾಡಿಗೆ 60,000 ಎಂದಿಟ್ಟುಕೊಳ್ಳಿ. ಅದರ ಮೇಲೆ 18% ಜಿಎಸ್‌ಟಿ, 10,800. ಶೇಕಡಾ 5ರ ದರದಲ್ಲಿ ತೆರಿಗೆ ಕಟ್ಟುವ ಕೆಫೆಗೆ ಈ ಹಣ ವಾಪಸು ಸಿಗುವುದಿಲ್ಲ. ತಿಂಗಳಿಗೆ 70,800, ದಿನಕ್ಕೆ 2,360. ನಲವತ್ತು ರೂಪಾಯಿಯ ಕಾಫಿಯಾದರೆ ದಿನದ ಮೊದಲ 59 ಲೋಟದ ದುಡ್ಡು ಮಾಲೀಕರದು. ಹಾಲು, ಪುಡಿ, ಸಂಬಳ ಎಲ್ಲ ಆಮೇಲೆ. ಮೂರನೇ ವರ್ಷದ ಕೊನೆಗೆ ಜಾಗ ಬಿಡಿಸಿದರೆ ಗೋಡೆ, ನೆಲಹಾಸು, ಪೈಪುಗಳಿಗೆ ಹಾಕಿದ್ದೆಲ್ಲ ಅಲ್ಲೇ ಉಳಿಯುತ್ತದೆ. ಎರಡು ವರ್ಷದ ಕಂತು ಮಾತ್ರ ಅವಳ ಹಿಂದೆಯೇ ಬರುತ್ತದೆ.

ಜಾಗ ಹೋದ ಮಾತ್ರಕ್ಕೆ ಎಲ್ಲ ಮುಗಿಯಿತೆಂದೂ ಇಲ್ಲ. ಬೆಂಗಳೂರಿನ ಇಂಡಿಯಾ ಕಾಫಿ ಹೌಸ್ 1959ರಿಂದ ಎಂ.ಜಿ. ರಸ್ತೆಯಲ್ಲಿತ್ತು. ಬಾಡಿಗೆ ಜಾಗ, 2009ರಲ್ಲಿ ಬಿಡಬೇಕಾಯಿತು. ಕಾರ್ಮಿಕರ ಸಹಕಾರ ಸಂಘ ಕೈಚೆಲ್ಲದೆ ಪಕ್ಕದ ಚರ್ಚ್ ಸ್ಟ್ರೀಟಿಗೆ ಹೋಯಿತು. ಬಿಳಿ ಸಮವಸ್ತ್ರ, ರುಮಾಲು, ಕಾಫಿಯ ರುಚಿ ಎಲ್ಲ ಹಾಗೇ ಇದ್ದವು. ಹಳೆಯ ಗಿರಾಕಿಗಳು ಹಿಂದೆಯೇ ಬಂದರು. ಹೆಸರಿನ ಬಲಕ್ಕೆ ಇನ್ನೊಂದು ಉದಾಹರಣೆ: ಪುಣೆಯಲ್ಲಿ ಕಾರ್ಕಳ ಸೀಮೆಯ ಜಗನ್ನಾಥ ಶೆಟ್ಟರು ಮದ್ರಾಸ್ ಹೆಲ್ತ್ ಹೋಮ್ ಎಂಬ ಹೋಟೆಲನ್ನು ವೈಶಾಲಿಯೆಂದು ಬದಲಿಸಿ ಹೊಸ ಹೆಸರನ್ನೇ ಊರಿನ ಆಸ್ತಿಯಾಗಿಸಿದರು. 2023ರಲ್ಲಿ ಅವರು ತೀರಿಕೊಂಡಾಗ ಪುಣೆಯ ಜನ ತಮ್ಮವರನ್ನು ಕಳೆದುಕೊಂಡಂತೆ ದುಃಖಪಟ್ಟರು.

ಕೆಫೆ ತೆರೆಯಲು ಹೊರಟಿರುವ ತಮ್ಮ ತಂಗಿಯರಿಗೆ ನನ್ನ ವಿನಂತಿ ಇಷ್ಟೇ. ಯಂತ್ರದ ಕೊಟೇಶನ್ನಿಗೆ ಮುಂಚೆ ಕರಾರುಪತ್ರ ಓದಿ. ಸಾಲದ ಅವಧಿಗಿಂತ ಜಾಗದ ಅವಧಿ ಕಡಿಮೆಯಿರದಂತೆ ನೋಡಿಕೊಳ್ಳಿ. ಬಾಡಿಗೆ ವರ್ಷಕ್ಕೆಷ್ಟು ಏರುತ್ತದೆ, ಮಾಲೀಕ ಎಷ್ಟು ವರ್ಷ ಬಿಡಿಸುವಂತಿಲ್ಲ, ಎರಡನ್ನೂ ಬರೆಸಿ ನೋಂದಣಿ ಮಾಡಿಸಿ. ಬಾಯಿಮಾತಿನ ರಿನ್ಯೂವಲ್ ಮೇಲೆ ಒಂದು ರೂಪಾಯಿಯನ್ನೂ ಗೋಡೆಗೆ ಹಾಕಬೇಡಿ.