‘ಸೆಟ್’ ಎಂಬ ಪುಟ್ಟ ಪದದ ದೊಡ್ಡ ಸಂಸಾರ

ಕಳೆದ ಚಳಿಗಾಲದಲ್ಲಿ ಪುಣೆಯ ನಮ್ಮ ಬಳಗದವರು ಒಂದು ಇಂಗ್ಲಿಷ್ ಕಥೆಯನ್ನು ಕನ್ನಡಕ್ಕೆ ತರಲು ಕುಳಿತಿದ್ದೆವು. ಮೊದಲ ಪುಟದಲ್ಲಿಯೇ ‘ಸೆಟ್’ ಎಂಬ ಪದ ಮೂರು ಬಾರಿ ಎದುರಾಯಿತು. ಒಂದೆಡೆ ಸೂರ್ಯ ಮುಳುಗಿದ್ದ. ಇನ್ನೊಂದೆಡೆ ಅಜ್ಜಿ ಊಟದ ಮೇಜನ್ನು ಅಣಿಗೊಳಿಸಿದ್ದಳು. ಮತ್ತೊಂದೆಡೆ ವೈದ್ಯ ಹುಡುಗನ ಮುರಿದ ಮೂಳೆಯನ್ನು ಸ್ವಸ್ಥಾನಕ್ಕೆ ತಂದಿದ್ದ. ಮೂರಕ್ಕೂ ಇಂಗ್ಲಿಷಿನಲ್ಲಿ ಮೂರಕ್ಷರದ ಒಂದೇ ಪದ. ನಮ್ಮೊಳಗಿನ ಕಿರಿಯರೊಬ್ಬರು, “ಇಂಥ ಪದ ಕನ್ನಡದಲ್ಲಿ ಒಂದಾದರೂ ಇದೆಯೇ?” ಎಂದರು. ಆ ದನಿಯಲ್ಲಿ ಕುತೂಹಲಕ್ಕಿಂತ ಸಂಕೋಚವೇ ಹೆಚ್ಚಾಗಿತ್ತು. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಈ ಸಂಕೋಚವನ್ನು ನಾವು ಅನೇಕ ಸಲ ಕಂಡಿದ್ದೇವೆ. ಅಂದಿನ ಅನುವಾದ ಅಲ್ಲಿಗೇ ನಿಂತಿತು.

‘ಸೆಟ್’ನ ಖ್ಯಾತಿಗೆ ಕಾರಣ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. ಲಂಡನ್ನಿನ ಫಿಲಲಾಜಿಕಲ್ ಸೊಸೈಟಿ ಅಂಥದೊಂದು ನಿಘಂಟಿನ ಚಿಂತನೆಯನ್ನು 1857ರಲ್ಲಿ ಆರಂಭಿಸಿತು. 1879ರಲ್ಲಿ ಜೇಮ್ಸ್ ಮರ್ರೆ ಸಂಪಾದಕತ್ವವನ್ನು ಒಪ್ಪಿಕೊಂಡಾಗ ಹತ್ತು ವರ್ಷಗಳಲ್ಲಿ ಕೆಲಸ ಮುಗಿಯುವುದೆಂಬ ಅಂದಾಜಿತ್ತು. ಐದು ವರ್ಷಗಳ ತರುವಾಯ, 1884ರಲ್ಲಿ ಮೊದಲ ಕಂತು ಹೊರಬಂದಾಗ ಅವರು ತಲುಪಿದ್ದುದು ‘ಆ್ಯಂಟ್’ ಪದದವರೆಗೆ ಮಾತ್ರ. ಇರುವೆಯ ನಡಿಗೆ ಎಂದು ನಗಬಹುದು. ಆದರೆ ಪ್ರತಿ ಪದಕ್ಕೂ ಓದುಗರು ಚೀಟಿಗಳ ಮೇಲೆ ಬರೆದು ಕಳುಹಿಸಿದ ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಅರ್ಥಗಳನ್ನು ಬಿಡಿಸಿ ಬರೆಯಬೇಕಿತ್ತು. ನಿಘಂಟು ಪೂರ್ಣಗೊಂಡದ್ದು 1928ರಲ್ಲಿ. ಮರ್ರೆ 1915ರಲ್ಲಿಯೇ ತೀರಿಕೊಂಡಿದ್ದರು.

‘ಸೆಟ್’ ಇದ್ದ ಭಾಗ ಬಂದದ್ದು ಹೆನ್ರಿ ಬ್ರ್ಯಾಡ್ಲಿಯವರ ಪಾಲಿಗೆ. ಈತನ ಕಥೆ ನಮಗೆ ಬಹಳ ಪ್ರಿಯವಾದುದು. ಶೆಫೀಲ್ಡ್ ನಗರದಲ್ಲಿ ಚಾಕು-ಕತ್ತರಿ ತಯಾರಿಸುವ ಕಂಪನಿಯೊಂದರಲ್ಲಿ ಸುಮಾರು ಇಪ್ಪತ್ತು ವರ್ಷ ಗುಮಾಸ್ತನಾಗಿದ್ದುಕೊಂಡೇ ತಾನಾಗಿ ಹಲವು ಭಾಷೆಗಳನ್ನು ಕಲಿತ ವ್ಯಕ್ತಿ. 1884ರಲ್ಲಿ ಲಂಡನ್ನಿಗೆ ಬಂದು, ನಿಘಂಟಿನ ಮೊದಲ ಕಂತಿಗೆ ವಿಮರ್ಶೆ ಬರೆದ. ಸಾಮಾನುಗಳನ್ನೂ ಬಿಚ್ಚದ ಮನೆಯಲ್ಲಿ ಚಹಾದ ಪೆಟ್ಟಿಗೆಯನ್ನೇ ಮೇಜಾಗಿಸಿಕೊಂಡು ಅದನ್ನು ಬರೆದನೆಂದು ಹೇಳುತ್ತಾರೆ. ಅದರಲ್ಲಿ ಕಂಡ ಪಾಂಡಿತ್ಯಕ್ಕೆ ಮರ್ರೆ ಬೆರಗಾದರು. ಕೆಲವೇ ವರ್ಷಗಳಲ್ಲಿ ವಿಮರ್ಶಕ ಸಹಸಂಪಾದಕನಾದ. 1923ರಲ್ಲಿ ನಿಧನನಾದ ಆತನೂ ಪೂರ್ಣ ನಿಘಂಟನ್ನು ನೋಡಲಿಲ್ಲ.

1989ರ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಕ್ರಿಯಾಪದಕ್ಕೆ 430 ಅರ್ಥಗಳಿವೆ. ಆ ವಿವರಣೆಗೆ ತಗುಲಿದ್ದು ಸುಮಾರು 60,000 ಪದಗಳು. ಒಂದು ಸಾಧಾರಣ ಕಾದಂಬರಿಯ ಗಾತ್ರ! ಆ ಬಳಿಕ ನಡೆದಿರುವ ಪರಿಷ್ಕರಣೆಯಲ್ಲಿ ಈ ಪಟ್ಟ ‘ಮೇಕ್’, ‘ಪುಟ್’ಗಳಿಗೆ ದಾಟಿ, 2011ರಲ್ಲಿ 645 ಅರ್ಥಗಳ ‘ರನ್’ಗೆ ಸಂದಿತು. ಆದರೆ ಈ ಅಂಕಿಗಳನ್ನು ಕಂಡು ಬೆಚ್ಚಬೇಕಿಲ್ಲವೆಂಬುದು ನಮ್ಮ ಅಭಿಪ್ರಾಯ. ಎಲ್ಲಿ ಒಂದು ಅರ್ಥ ಮುಗಿದು ಇನ್ನೊಂದು ತೊಡಗುತ್ತದೆ ಎಂಬುದನ್ನು ತೀರ್ಮಾನಿಸುವವರು ನಿಘಂಟುಕಾರರು. ಬಲೆ ಒಡ್ಡುವುದೂ ಗಡಿಯಾರದ ಮುಳ್ಳು ತಿದ್ದುವುದೂ ಒಂದೇ ಅರ್ಥವೋ ಎರಡೋ ಎಂದು ಪದವೇ ಬಂದು ಹೇಳುವುದಿಲ್ಲ.

ಎಲ್ಲ ಕವಲುಗಳ ಬುಡದಲ್ಲಿರುವುದು ಸರಳವಾದ ಒಂದೇ ಕ್ರಿಯೆ. ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಎಂಬುದು ‘ಸಿಟ್ಟನ್’, ಅಂದರೆ ಕೂರು, ಎಂಬುದರ ಪ್ರೇರಣಾರ್ಥಕ ರೂಪ. ಕೂರು, ಕೂರಿಸು, ಅಷ್ಟೇ. ನಾವು ಚೌತಿಗೆ ಗಣಪತಿಯನ್ನು ಕೂರಿಸುತ್ತೇವೆ, ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ, ಮನೆಯವರು ಕೋಳಿಯನ್ನು ಕಾವಿಗೆ ಕೂರಿಸುತ್ತಾರೆ. ಹರಳಿಗೂ ಕೋಳಿಗೂ ಇಂಗ್ಲಿಷರು ಬಳಸುವುದು ‘ಸೆಟ್’ ಪದವನ್ನೇ. ಎರಡು ಭಾಷೆಗಳಿಗೆ ನೆಂಟಸ್ತಿಕೆಯಿಲ್ಲ. ಆದರೂ ಜನರ ಯೋಚನೆ ಒಂದೇ ದಾರಿ ಹಿಡಿದಿದೆ. ಸೂರ್ಯನ ವಿಷಯದಲ್ಲಿ ಮಾತ್ರ ದಾರಿ ಬೇರೆ: ನಮ್ಮ ‘ಪಡುವಣ’ದಲ್ಲಿರುವುದು ಕೂರುವ ಸೂರ್ಯನಲ್ಲ, ಬೀಳುವ ಸೂರ್ಯ.

ನಿಜವಾದ ನೆಂಟಸ್ತಿಕೆ ಇರುವುದು ಸಂಸ್ಕೃತದೊಡನೆ. ‘ಸಿಟ್’, ‘ಸೆಟ್’ಗಳ ಮೂಲವೂ, ಕುಳಿತುಕೊಳ್ಳುವುದೆಂಬ ಅರ್ಥದ ‘ಸದ್’ ಧಾತುವೂ ಒಂದೇ ಪ್ರಾಚೀನ ಬೇರಿನವು. ‘ಸದನ’, ‘ಸಂಸತ್ತು’, ‘ಪರಿಷತ್ತು’ ಎಲ್ಲವೂ ಆ ಧಾತುವಿನಿಂದ ಬಂದವು. ಇನ್ನು ಗುಂಪು, ಜೊತೆ ಎಂಬ ಅರ್ಥದ ‘ಸೆಟ್’ ನಾಮಪದಕ್ಕೆ ಹುಟ್ಟೂರೇ ಬೇರೆ. ಅದು ಹಳೆಯ ಫ್ರೆಂಚಿನ ಮೂಲಕ ಬಂದ ಲ್ಯಾಟಿನ್ನಿನ ‘ಸೆಕ್ಟಾ’. ಹಿಂಬಾಲಿಸುವವರ ಪಂಥ ಎಂದು ಅರ್ಥ. ಅದರ ಹಿಂದಿರುವ ಧಾತುವಿಗೆ ಸಂಸ್ಕೃತದ ಬಂಧು ‘ಸಚ್’, ಜೊತೆಗಿರು. ‘ಸಚಿವ’ ಪದ ಅಲ್ಲಿಂದಲೇ. ಇಂಗ್ಲಿಷಿನಲ್ಲಿ ಎರಡು ಹೊಳೆಗಳು ಕೂಡಿ ಒಂದಾದವು. ನಮ್ಮಲ್ಲಿ ಸಂಸತ್ತು ಬೇರೆ, ಸಚಿವರು ಬೇರೆ. ಇಬ್ಬರೂ ಒಂದೆಡೆ ಸೇರುವುದು ಅಧಿವೇಶನದ ದಿನಗಳಲ್ಲಿ ಮಾತ್ರ, ಅದೂ ಹಾಜರಿ ಇದ್ದರೆ.

ಕನ್ನಡಕ್ಕೆ ಬಂದ ‘ಸೆಟ್’ ಬಹುಮಟ್ಟಿಗೆ ಈ ನಾಮಪದವೇ: ಟೀ ಸೆಟ್, ಪಂಪ್‌ಸೆಟ್, ಎರಡು ಮೂರು ದೋಸೆ ಒಟ್ಟಿಗೆ ಬರುವ ಸೆಟ್ ದೋಸೆ. ಗಣಿತದ ಪುಸ್ತಕದಲ್ಲಿ ಅದು ‘ಗಣ’ವಾಯಿತು. ಕ್ರಿಯಾಪದವನ್ನು ನಾವು ಒಳಗೆ ಬಿಟ್ಟುಕೊಳ್ಳಲಿಲ್ಲ, ಬೇಕಾಗಿರಲೂ ಇಲ್ಲ. ಬಲೆ ಒಡ್ಡಲು, ಬೆಂಕಿ ಹಚ್ಚಲು, ಬಿಡಾರ ಹೂಡಲು, ಮುಹೂರ್ತ ಗೊತ್ತುಮಾಡಲು, ಅಚ್ಚುಮೊಳೆ ಜೋಡಿಸಲು ನಮ್ಮಲ್ಲಿ ಬೇರೆ ಬೇರೆ ಪದಗಳಿದ್ದವು.

ಹಾಗಾದರೆ ಒಂದೇ ಪದ ನೂರು ಕೆಲಸ ಮಾಡುವ ಸೊಗಸು ಕನ್ನಡಕ್ಕಿಲ್ಲವೇ? ಆ ಕಿರಿಯರಿಗೆ ನಾವು ‘ಹಾಕು’ ಎಂಬ ಪದವನ್ನು ಕೊಟ್ಟೆವು. ಬಾಗಿಲು ಹಾಕು, ಅಂಗಿ ಹಾಕು, ರುಜು ಹಾಕು, ಲೆಕ್ಕ ಹಾಕು, ಹೊಲಿಗೆ ಹಾಕು, ಹೊಂಚು ಹಾಕು, ಶಾಪ ಹಾಕು, ಬೆಕ್ಕು ಮರಿ ಹಾಕಿತು, ಇದ್ದುದನ್ನೆಲ್ಲ ತಿಂದುಹಾಕಿದ. ಹಾಳೆ ತುಂಬುತ್ತ ಹೋಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟ 1970ರಲ್ಲಿ, ಎಂಟನೆಯದು 1995ರಲ್ಲಿ ಹೊರಬಂದವು. ಅದರ ಹಿಂದೆಯೂ ಚೀಟಿಗಳನ್ನು ಜೋಡಿಸಿದ ವಿದ್ವಾಂಸರಿದ್ದರು. ಬ್ರ್ಯಾಡ್ಲಿಯಂತೆಯೇ ಹೆಚ್ಚು ಹೆಸರಾಗದವರು.

ಪಟ್ಟಿಯನ್ನು ಓದುತ್ತಿದ್ದ ಕಿರಿಯರು ನಡುವೆ ತಡೆದರು. ತಮ್ಮ ಮನೆಯಲ್ಲಿ ಮಗಳು ಇವುಗಳಲ್ಲಿ ಒಂದನ್ನೂ ಆಡುವುದಿಲ್ಲವೆಂದರು. ಅವಳದು ಡೋರ್ ಕ್ಲೋಸ್ ಮಾಡು, ಶರ್ಟ್ ವೇರ್ ಮಾಡು, ಸೈನ್ ಮಾಡು. ನಮ್ಮೆಲ್ಲರ ಮನೆಗಳಲ್ಲಿಯೂ ಅದೇ ಮಾತೆಂದು ಒಪ್ಪಿಕೊಳ್ಳಬೇಕಾಯಿತು. ಇಂಗ್ಲಿಷಿನ ‘ಸೆಟ್’ ಸಾವಿರ ವರ್ಷಗಳಲ್ಲಿ ಅರ್ಥಗಳನ್ನು ಕೂಡಿಸಿಕೊಂಡಿತು. ನಮ್ಮ ‘ಹಾಕು’ ಒಂದು ತಲೆಮಾರಿನಲ್ಲಿ ‘ಮಾಡು’ವಿಗೆ ಮನೆಯನ್ನು ಬಿಟ್ಟುಕೊಡುತ್ತಿದೆ.

ಮುಂದಿನ ವಾರ ಅವರೇ ಧಾರವಾಡದ ತಮ್ಮ ಅಜ್ಜಿಗೆ ಫೋನ್ ಮಾಡಿ, ಮುರಿದ ಮೂಳೆಗೆ ಏನನ್ನುತ್ತಾರೆಂದು ಕೇಳಿಕೊಂಡು ಬಂದರು. “ಎಲುಬು ಕೂಡ್ರಸೂದು ಅಂತಾರಪ್ಪಾ” ಎಂದಿದ್ದರಂತೆ ಅಜ್ಜಿ. ನಮ್ಮ ಅನುವಾದದಲ್ಲಿ ಈಗ ವೈದ್ಯ ಎಲುಬು ಕೂಡ್ರಿಸುತ್ತಾನೆ, ಅಜ್ಜಿ ತಟ್ಟೆ ಹಾಕುತ್ತಾಳೆ. ಸೂರ್ಯನ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ.