ಸೀಮೆಎಣ್ಣೆ ಒಲೆಯ ಇಂಧನ

ಶಿವಮೊಗ್ಗ, ಭದ್ರಾವತಿಗಳ ಗೃಹಗಳಲ್ಲಿ ಅಡುಗೆ ಅನಿಲವು ವ್ಯಾಪಿಸುವುದಕ್ಕೆ ಮುನ್ನ ಬಹುಕಾಲ ಬಳಕೆಯಲ್ಲಿದ್ದ ಬತ್ತಿಯ ಒಲೆಗೆ, ಕೊಠಡಿಯನ್ನು ಬೆಚ್ಚಗಿಡುವ ಹೀಟರಿಗೆ ಹೇಗೋ ಹಾಗೆಯೇ, ನೀರು, ಧೂಳು, ಅನ್ಯತೈಲಗಳ ಸಂಪರ್ಕವಿಲ್ಲದ ಶುದ್ಧ ಸೀಮೆಎಣ್ಣೆಯೊಂದೇ ಯೋಗ್ಯ ಇಂಧನ. ನ್ಯಾಯಬೆಲೆ ಅಂಗಡಿಯ ಎಣ್ಣೆಗೆ ಬೆರೆಸಿದ ನೀಲಿ ಬಣ್ಣವು ಕಲಬೆರಕೆಯನ್ನು ಪತ್ತೆಹಚ್ಚಲಿಕ್ಕೇ ಹೊರತು ಉರಿಯುವ ಗುಣವನ್ನು ಹೆಚ್ಚಿಸಲಿಕ್ಕಲ್ಲ. ಮಲೆನಾಡಿನ ಅಂಚಿನ ಈ ಊರುಗಳ ಮಳೆಗಾಲದಲ್ಲಿ, ಮುಚ್ಚಳ ಸಡಿಲವಾದ ಡಬ್ಬಿಯೊಳಕ್ಕೆ ನೀರು ಸೇರಿ, ಎಣ್ಣೆಗಿಂತ ಭಾರವಾದುದರಿಂದ ತಳದಲ್ಲಿ ನಿಂತು, ಬತ್ತಿಯನ್ನು ಮುಟ್ಟಿದಾಗ ಜ್ವಾಲೆಯು ಚಟಪಟನೆ ಸಿಡಿದು ಕುಂದುವುದು. ಎಣ್ಣೆಯನ್ನು ಗಾಜಿನ ಸೀಸೆಯಲ್ಲಿ ಕೆಲಹೊತ್ತು ಅಲುಗಿಸದೆ ಇಟ್ಟರೆ ನೀರಿನ ಗೆರೆ ಸ್ಪಷ್ಟವಾಗಿ ಕಾಣುವುದು. ಡೀಸೆಲ್ ಬತ್ತಿಗೆ ಮಸಿ ಹಿಡಿಸುವುದು. ಪೆಟ್ರೋಲನ್ನಂತೂ ಒಂದು ತೊಟ್ಟೂ ಬೆರೆಸಲಾಗದು: ಭಾರತೀಯ ಮಾನಕದಂತೆ ಸೀಮೆಎಣ್ಣೆಯ ಆವಿಯು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಿಡಿಗೆ ಹೊತ್ತಿಕೊಳ್ಳಬಾರದು, ಪೆಟ್ರೋಲಿನ ಆವಿಯಾದರೋ ನೀರು ಹೆಪ್ಪುಗಟ್ಟುವ ಶೈತ್ಯದಲ್ಲಿಯೂ ಹೊತ್ತಿಕೊಳ್ಳುವುದು.