ರೆಡ್ ಕಾರ್ಡ್ ಬಿತ್ತು ಅಂದ್ರೆ ಮ್ಯಾಚ್ ಮುಗೀತಾ? 10 ಮಂದಿಯಲ್ಲೇ ಗೋಲು ಹೊಡೆಯೋದು ಹೀಗೆ

ಫುಟ್‌ಬಾಲ್‌ನಲ್ಲಿ ರೆಡ್ ಕಾರ್ಡ್ ಬಿದ್ದವನ ಜಾಗಕ್ಕೆ ಬೇರೆಯವರು ಬರುವಂತಿಲ್ಲ. ಉಳಿದ 10 ಮಂದಿಯೇ ಆಡಬೇಕು. ಹಾಗಂತ ಎಲ್ಲರೂ ಗೋಲ್ ಮುಂದೆ ಗೋಡೆ ಕಟ್ಟಿ ನಿಂತರೆ ಚೆಂಡು ವಾಪಸ್ ಬರ್ತಾನೇ ಇರುತ್ತದೆ.

ಜೋಡಣೆ: ಸಾಮಾನ್ಯವಾಗಿ 4-4-1. ಮುಂದಿರುವ ಒಬ್ಬನ ಮೊದಲ ಕೆಲಸ ಗೋಲು ಹೊಡೆಯೋದಲ್ಲ, ಜೊತೆಗಾರರು ಬರುವವರೆಗೆ ಚೆಂಡು ಹಿಡಿದಿಟ್ಟುಕೊಳ್ಳೋದು. ಗೋಲು ಬೇಕೇ ಬೇಕು ಅನ್ನುವಾಗ 4-3-2 ಆಡಬಹುದು. ಆದರೆ ಆಗ ಎರಡೂ ಅಂಚು ಖಾಲಿ ಬೀಳುತ್ತವೆ.

ಕೌಂಟರ್ ಅಟ್ಯಾಕ್: 11 ಮಂದಿಯ ತಂಡ ಮುಂದಕ್ಕೆ ನುಗ್ಗಿದಾಗ ಅದರ ಬೆನ್ನ ಹಿಂದೆ ಜಾಗ ಸಿಗುತ್ತದೆ. ಚೆಂಡು ಸಿಕ್ಕ ಕೂಡಲೇ ಎರಡು-ಮೂರು ಪಾಸ್‌ನಲ್ಲಿ ಅಲ್ಲಿಗೆ ಮುಟ್ಟಿಸಬೇಕು. ಇಬ್ಬರೋ ಮೂವರೋ ಓಡಲಿ, ಉಳಿದವರು ಜಾಗ ಬಿಡಬಾರದು.

ಫ್ರೀ ಕಿಕ್, ಕಾರ್ನರ್, ಥ್ರೋ: ಆಟ ನಿಂತಿರುವ ಈ ಹೊತ್ತಲ್ಲಿ ಒಬ್ಬ ಕಡಿಮೆ ಇರೋದು ಅಷ್ಟಾಗಿ ಕಾಡೋದಿಲ್ಲ. ಕಾರ್ನರ್, ಥ್ರೋದಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಕೂಡ ಇಲ್ಲ.

ಉದಾಹರಣೆ: 2012ರ ಏಪ್ರಿಲ್ 24, ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಎರಡನೇ ಪಂದ್ಯ. ಬಾರ್ಸಿಲೋನಾ ಮೈದಾನದಲ್ಲಿ 37ನೇ ನಿಮಿಷಕ್ಕೆ ಚೆಲ್ಸಿ ನಾಯಕ ಜಾನ್ ಟೆರಿ ಹೊರಕ್ಕೆ. ಸ್ಕೋರ್ 0-2 ಆಯಿತು. ವಿರಾಮಕ್ಕೆ ಮುಂಚೆ ಲ್ಯಾಂಪಾರ್ಡ್ ಕೊಟ್ಟ ಒಂದೇ ಪಾಸ್‌ಗೆ ಓಡಿ ರಾಮಿರೆಸ್ ಗೋಲು ಹೊಡೆದ. ಕೊನೆ ಗಳಿಗೆಯಲ್ಲಿ ಖಾಲಿ ಅರ್ಧ ಮೈದಾನದಲ್ಲಿ ಟೊರೆಸ್ ಒಬ್ಬನೇ ಓಡಿ 2-2 ಮಾಡಿದ. ಮೊದಲ ಪಂದ್ಯ 1-0 ಗೆದ್ದಿದ್ದ ಚೆಲ್ಸಿ ಫೈನಲ್‌ಗೆ ಹೋಯಿತು, ಕಪ್ಪೂ ಗೆದ್ದಿತು.

ನೆನಪಿರಲಿ: ತಂಡದಲ್ಲಿ 7ಕ್ಕಿಂತ ಕಡಿಮೆ ಆಟಗಾರರು ಉಳಿದರೆ ಪಂದ್ಯ ಮುಂದುವರಿಯೋದಿಲ್ಲ. ಒಂದು ರೆಡ್ ಕಾರ್ಡ್ ಬಿದ್ದ ಮೇಲೆ ಸಿಟ್ಟಿಗೆ ಇನ್ನೊಂದು ಬೀಳದಂತೆ ನೋಡಿಕೊಳ್ಳಬೇಕು.